ನಮ್ಮೂರಿಗೆ ಬಸ್ ಬೇಕು. ಹಣ ಯಾರ ಬಳಿ ಇದೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಾರಿಗೆ ಅನುದಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎರಡು ಅವಧಿ ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದೆ. ಸದಸ್ಯತ್ವ ಮುಗಿದರೂ ಅರ್ಜಿ ಬರೆದುಕೊಡುವ ಕೆಲಸ ಮುಗಿಯಲಿಲ್ಲ. ಬೆಳಿಗ್ಗೆ ಚಹಾದಂಗಡಿಯ ಕಟ್ಟೆಯ ಮೇಲೆ ಕೂತರೆ ಯಾರಾದರೊಬ್ಬರು ಬಂದು ‘ಬಸ್ಸಿಗೊಂದು ಅರ್ಜಿ ಬರೆದುಕೊಡಿ’ ಎನ್ನುತ್ತಾರೆ. ಅಂತಹ ಅರ್ಜಿಗಳಲ್ಲಿ ಹೆಚ್ಚಿನವು ತಪ್ಪು ಕಚೇರಿಗೆ ಹೋಗುತ್ತವೆ, ಇಲ್ಲವೇ ಆ ಕಚೇರಿಯ ಕೈಯಲ್ಲಿಲ್ಲದ ಹಣವನ್ನು ಕೇಳುತ್ತವೆ. ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು, ನಾನು ಓಡಾಡಿ ತಿಳಿದುಕೊಂಡ ಉತ್ತರಗಳ ಜೊತೆ ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮೂರಿಗೆ ಬರುವ ಬಸ್ ಯಾವ ಸಂಸ್ಥೆಯದು? ಅರ್ಜಿ ಯಾರಿಗೆ ಕೊಡಬೇಕು?

ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಸೇರಿವೆ. ಬೆಳಗಾವಿ ದೊಡ್ಡ ಜಿಲ್ಲೆಯಾದ್ದರಿಂದ ಅಲ್ಲಿ ಬೆಳಗಾವಿ ಮತ್ತು ಚಿಕ್ಕೋಡಿ ಎಂಬ ಎರಡು ವಿಭಾಗಗಳಿವೆ. ವಿಜಯಪುರ ಜಿಲ್ಲೆ ಕಲಬುರಗಿಯಿಂದ ನಡೆಯುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು. ಜಮಖಂಡಿಯಿಂದ ವಿಜಯಪುರಕ್ಕೆ ಹೋಗುವಾಗ ಒಂದು ಬಸ್ ಹುಬ್ಬಳ್ಳಿಯವರದ್ದಾದರೆ ಹಿಂದೆ ಬರುವುದು ಕಲಬುರಗಿಯವರದ್ದಾಗಿರಬಹುದು. ಬಸ್ಸಿನ ಮೈಮೇಲಿನ ಹೆಸರು ಓದಿಕೊಳ್ಳದೆ ಅರ್ಜಿ ಬರೆಯಬೇಡಿ.

ಮೊದಲ ಅರ್ಜಿ ಘಟಕ ವ್ಯವಸ್ಥಾಪಕರಿಗೆ, ಅಂದರೆ ಡಿಪೋ ಮ್ಯಾನೇಜರ್ ಅವರಿಗೆ. ಅದರದೊಂದು ನಕಲು ಪ್ರತಿ ವಿಭಾಗದ ಮುಖ್ಯಸ್ಥರಾದ ವಿಭಾಗೀಯ ನಿಯಂತ್ರಣಾಧಿಕಾರಿಗೆ. ಮಾರ್ಗ, ಸಮಯ, ಟ್ರಿಪ್ಪುಗಳ ಲೆಕ್ಕವೆಲ್ಲ ಇಲ್ಲಿಯೇ ಇರುತ್ತದೆ. ನೇರವಾಗಿ ಮಂತ್ರಿಗಳಿಗೆ ಕೊಟ್ಟರೂ ಅರ್ಜಿ ಮೇಲಿಂದ ಕೆಳಗಿಳಿದು, ಎರಡು ತಿಂಗಳ ನಂತರ ಅದೇ ಡಿಪೋ ಮೇಜಿಗೆ ಬಂದು ಕೂರುತ್ತದೆ.

ಬಸ್ ಓಡಿಸುವುದಕ್ಕೆ ಹಣ ಎಲ್ಲಿಂದ ಬರುತ್ತದೆ?

ಇದೊಂದು ತಿಳಿದರೆ ಉಳಿದದ್ದೆಲ್ಲ ತಿಳಿದಂತೆ. ಕಟ್ಟುವ ಹಣ ಬೇರೆ, ಓಡಿಸುವ ಹಣ ಬೇರೆ. ನಿಲ್ದಾಣ, ತಂಗುದಾಣ, ರಸ್ತೆ, ಹೊಸ ಬಸ್ಸಿನ ಖರೀದಿ ಇವಕ್ಕೆಲ್ಲ ಒಂದಲ್ಲ ಒಂದು ಯೋಜನೆ ಇದೆ. ಆದರೆ ಕೊಂಡ ಬಸ್ಸಿಗೆ ನಾಳೆ ಬೆಳಿಗ್ಗೆ ಡೀಸೆಲ್ ಹಾಕಬೇಕು, ಚಾಲಕ ನಿರ್ವಾಹಕರಿಗೆ ಸಂಬಳ ಕೊಡಬೇಕು, ಟೈರ್ ಬದಲಿಸಬೇಕು. ಇದಕ್ಕೆ ಇರುವುದು ಟಿಕೆಟ್ ಹಣ ಮತ್ತು ರಿಯಾಯಿತಿ ಪ್ರಯಾಣಕ್ಕಾಗಿ ಸರ್ಕಾರ ಕೊಡುವ ಮರುಪಾವತಿ. ಜಾಹೀರಾತು ಮತ್ತು ನಿಲ್ದಾಣದ ಮಳಿಗೆಗಳ ಬಾಡಿಗೆಯಿಂದ ಬರುವುದು ಸಣ್ಣ ಮೊತ್ತ.

1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 22ನೇ ಕಲಂ ಪ್ರಕಾರ ನಿಗಮಗಳು ವ್ಯವಹಾರದ ತತ್ವದ ಮೇಲೆ ನಡೆಯಬೇಕು. ಇತ್ತ ಊರಿನವರು ಸೇವೆ ಕೇಳುತ್ತಾರೆ. ಡಿಪೋ ಮ್ಯಾನೇಜರ್ ಈ ಎರಡರ ನಡುವೆ ಸಿಕ್ಕ ಮನುಷ್ಯ. ಆತನನ್ನು ಬೈಯುವ ಮೊದಲು ಇಷ್ಟು ನೆನಪಿರಲಿ. ನಿಗಮಗಳ ಸ್ಥಿತಿ ಹೇಗಿದೆ ಎಂಬುದಕ್ಕೆ 2025ರ ಆರಂಭದ ಎರಡು ತೀರ್ಮಾನ ಸಾಕು. ಜನವರಿ 5ರಿಂದ ಪ್ರಯಾಣ ದರ ಶೇ 15ರಷ್ಟು ಏರಿತು. ಅದೇ ಹೊತ್ತಿಗೆ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳು ಭವಿಷ್ಯ ನಿಧಿ ಮತ್ತು ಇಂಧನದ ಬಾಕಿ ತೀರಿಸಲು 2,000 ಕೋಟಿ ರೂಪಾಯಿ ಸಾಲ ಎತ್ತುವುದಕ್ಕೆ ಸರ್ಕಾರ ಒಪ್ಪಿತು. ಹಳೆಯ ಬಾಕಿ ತೀರಿಸಲು ಹೊಸ ಸಾಲ ಮಾಡುವ ಮನೆಯ ಬಾಗಿಲಲ್ಲಿ ನಿಂತು ನಾವು ಇನ್ನೊಂದು ಟ್ರಿಪ್ ಕೇಳುತ್ತಿದ್ದೇವೆ.

ಮಹಿಳೆಯರಿಗೆ ಪ್ರಯಾಣ ಉಚಿತ ಎಂದ ಮೇಲೆ ಟಿಕೆಟ್ ಯಾಕೆ?

ಈ ಪ್ರಶ್ನೆ ಕೇಳದ ಅವ್ವಂದಿರಿಲ್ಲ. ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ರಾಜ್ಯದ ಮಹಿಳೆಯರು, ಬಾಲಕಿಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ಸಾಮಾನ್ಯ, ವೇಗದೂತ ಮತ್ತು ನಗರ ಸಾರಿಗೆ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣಿಸಬಹುದು. ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ನಿರ್ವಾಹಕ ಗುರುತಿನ ಚೀಟಿ ನೋಡಿ ಯಂತ್ರದಿಂದ ಒಂದು ಶೂನ್ಯ ಟಿಕೆಟ್ ಹರಿದುಕೊಡುತ್ತಾನೆ.

ಬೆರಳುದ್ದದ ಆ ಚೀಟಿಯನ್ನು ಒಮ್ಮೆ ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಎಲ್ಲಿಂದ ಎಲ್ಲಿಗೆ ಎಂಬುದು ಇರುತ್ತದೆ, ಕೊಡುವ ಮೊತ್ತ ಸೊನ್ನೆ ಎಂದಿರುತ್ತದೆ. ಪ್ರಯಾಣಿಕರ ಪಾಲಿಗೆ ಅದು ಸೊನ್ನೆ. ನಿಗಮದ ಪಾಲಿಗೆ ಅದು ಸರ್ಕಾರಕ್ಕೆ ಕೊಡುವ ಬಿಲ್ಲು. ಇಂತಹ ಚೀಟಿಗಳ ಮೌಲ್ಯವನ್ನು ಕೂಡಿಸಿಯೇ ನಿಗಮ ಸರ್ಕಾರದಿಂದ ಹಣ ಕೇಳುವುದು. 2025-26ರ ಬಜೆಟ್‌ನಲ್ಲಿ ಇದಕ್ಕೆ ಎತ್ತಿಟ್ಟದ್ದು 5,300 ಕೋಟಿ ರೂಪಾಯಿ. 2025ರ ಜುಲೈ ಹೊತ್ತಿಗೆ ಶೂನ್ಯ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು.

ನಮ್ಮೂರಿನ ಬಸ್ಸಿನಲ್ಲಿ ನಾನು ಕಂಡದ್ದೊಂದು ಮಾತು. ಸಂತೆಯ ದಿನ ಕಾಲಿಡಲು ಜಾಗವಿರುವುದಿಲ್ಲ. ನಿರ್ವಾಹಕ ಮುಂದಿನ ಬಾಗಿಲವರೆಗೆ ತಲುಪುವಷ್ಟರಲ್ಲಿ ನಡುವಿನ ಊರಿನವರು ಇಳಿದುಬಿಟ್ಟಿರುತ್ತಾರೆ. ‘ಹೇಗೂ ಪುಕ್ಕಟೆ, ಚೀಟಿ ಇದ್ದರೇನು ಬಿಟ್ಟರೇನು’ ಎಂದು ಅವರೂ ಸುಮ್ಮನಿರುತ್ತಾರೆ. ಅಷ್ಟು ಜನ ಅಂದು ಪ್ರಯಾಣ ಮಾಡಲೇ ಇಲ್ಲ ಎಂದು ಲೆಕ್ಕ. ಆರು ತಿಂಗಳ ನಂತರ ‘ನಿಮ್ಮ ಮಾರ್ಗದಲ್ಲಿ ಜನ ಕಡಿಮೆ, ಗಳಿಕೆ ಇಲ್ಲ’ ಎಂದು ಡಿಪೋದವರು ಕಾಗದ ತೋರಿಸಿದಾಗ ನಮ್ಮ ಬಾಯಿ ಕಟ್ಟುವುದು ಇದೇ ಲೆಕ್ಕ. ಆದ್ದರಿಂದ ಅಕ್ಕಂದಿರೇ, ಚೀಟಿ ಕೇಳಿ ಪಡೆಯಿರಿ. ಊರಿಗೆ ಬಸ್ ಉಳಿಸಿಕೊಳ್ಳುವ ಅತ್ಯಂತ ಅಗ್ಗದ ದಾರಿ ಇದು; ಇದಕ್ಕೆ ಯಾವ ಶಾಸಕರ ಪತ್ರವೂ ಬೇಡ.

ಮರುಪಾವತಿ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದು ನೌಕರರ ಸಂಘಟನೆಗಳು ದೂರುತ್ತಲೇ ಇವೆ. ವಿದ್ಯಾರ್ಥಿ ಪಾಸಿನ ಕಥೆಯೂ ಇದೇ. ರಿಯಾಯಿತಿಯ ಒಂದು ಭಾಗ ಸರ್ಕಾರದ್ದು, ಒಂದು ಭಾಗ ನಿಗಮದ ತಲೆಗೆ. ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಕಾಲೇಜಿನ ಹುಡುಗರು ಬಾಗಿಲಿಗೆ ಜೋತುಬಿದ್ದಿದ್ದರೂ ಅದು ಲಾಭದ ಬಸ್ಸಲ್ಲ ಎಂದು ಡಿಪೋದವರು ಹೇಳುವುದು ಇದಕ್ಕೇ.

ಮೀರಜ್, ಕೊಲ್ಲಾಪುರ, ಸೊಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಶಕ್ತಿ ನಡೆಯುತ್ತದೆಯೇ?

ಇಲ್ಲ. ಅಂತರರಾಜ್ಯ ಬಸ್ಸುಗಳಿಗೆ ಯೋಜನೆ ಅನ್ವಯಿಸುವುದಿಲ್ಲ. ಅತ್ತ ಮಹಾರಾಷ್ಟ್ರದ ಸಾರಿಗೆ ಬಸ್ಸುಗಳಲ್ಲಿ 2023ರ ಮಾರ್ಚ್‌ನಿಂದ ಮಹಿಳೆಯರಿಗೆ ಅರ್ಧ ದರವಿದೆ, ಅದೂ ಅವರ ರಾಜ್ಯದೊಳಗೆ ಮಾತ್ರ. ನಿಪ್ಪಾಣಿ, ಕಾಗವಾಡ ಕಡೆಯ ಹೆಣ್ಣುಮಕ್ಕಳಿಗೆ ತವರು ಆಚೆ, ಗಂಡನ ಮನೆ ಈಚೆ. ಅವರು ರಾಜ್ಯದೊಳಗೆ ಓಡುವ ಬಸ್ಸಿನಲ್ಲಿ ಗಡಿಯ ಊರಿನವರೆಗೆ ಬಂದು, ಅಲ್ಲಿ ಇಳಿದು, ಇನ್ನೊಂದು ಬಸ್ ಹಿಡಿಯುವ ಲೆಕ್ಕವನ್ನು ಯಾರೂ ಹೇಳಿಕೊಡದೆಯೇ ಕಲಿತಿದ್ದಾರೆ.

ವಿಜಯಪುರದ ಬಸ್ಸಿನ ಮೇಲೆ ‘ಕಲ್ಯಾಣ ಕರ್ನಾಟಕ’ ಎಂದಿದೆ. ಹಾಗಾದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಸಿಗುತ್ತದೆಯೇ?

ಸಿಗುವುದಿಲ್ಲ. ಎಲ್ಲರೂ ಜಾರುವ ಜಾಗ ಇದು. ಮಂಡಳಿಯ ವ್ಯಾಪ್ತಿಯಲ್ಲಿರುವುದು ಸಂವಿಧಾನದ 371(ಜೆ) ವಿಧಿಯಡಿ ಬರುವ ಏಳು ಜಿಲ್ಲೆಗಳು: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ. ವಿಜಯಪುರ ಆ ಪಟ್ಟಿಯಲ್ಲಿಲ್ಲ; ಕಂದಾಯದ ಲೆಕ್ಕದಲ್ಲಿ ಅದು ಬೆಳಗಾವಿ ವಿಭಾಗದ ಜಿಲ್ಲೆ. ಮಂಡಳಿ ತನ್ನ ಜಿಲ್ಲೆಗಳಿಗೆ ಬಸ್ ಖರೀದಿಸಲು ಹಣ ಕೊಟ್ಟದ್ದುಂಟು. ಸಿಂದಗಿಯ ಪ್ರಯಾಣಿಕ ಹತ್ತುವ ಬಸ್ಸಿನ ಹೆಸರು ಕಲ್ಯಾಣ ಕರ್ನಾಟಕದ್ದು, ಆದರೆ ಆ ಹೆಸರಿನ ಹಣದಲ್ಲಿ ಅವನಿಗೆ ಪಾಲಿಲ್ಲ. ಒಂದೇ ನಿಗಮದೊಳಗೆ ಒಂದು ಜಿಲ್ಲೆ ಮಾತ್ರ ಹೀಗೆ ಹೊರಗೆ ನಿಂತಿರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅರ್ಜಿಯಲ್ಲಿ ಕೇಳುವುದಾದರೆ ಮಂಡಳಿಯನ್ನು ಕೇಳಬೇಡಿ. ‘ಮಂಡಳಿಯ ಹಣ ನಮ್ಮ ಜಿಲ್ಲೆಗೆ ಇಲ್ಲದ್ದರಿಂದ ಸಾರಿಗೆ ಇಲಾಖೆಯೇ ಪ್ರತ್ಯೇಕವಾಗಿ ಬಸ್ ಕೊಡಬೇಕು’ ಎಂದು ಕೇಳಿ.

ಎಲೆಕ್ಟ್ರಿಕ್ ಬಸ್ಸುಗಳ ಕೇಂದ್ರ ಯೋಜನೆ ನಮಗೂ ಇದೆಯೇ?

ಪಿಎಂ ಇ-ಬಸ್ ಸೇವಾ ಎಂಬ ಯೋಜನೆಗೆ ಕೇಂದ್ರ ಸಂಪುಟ 2023ರ ಆಗಸ್ಟ್ 16ರಂದು ಒಪ್ಪಿಗೆ ನೀಡಿತು. ದೇಶದಲ್ಲಿ 10,000 ಬಸ್, ಒಟ್ಟು ಅಂದಾಜು 57,613 ಕೋಟಿ ರೂಪಾಯಿ, ಅದರಲ್ಲಿ ಕೇಂದ್ರದ್ದು 20,000 ಕೋಟಿ. ಅರ್ಹತೆಯ ಗೆರೆ 2011ರ ಜನಗಣತಿಯಂತೆ 3 ಲಕ್ಷ ಜನಸಂಖ್ಯೆ. ಈ ಗೆರೆಯನ್ನು ನಮ್ಮ ಮೂರು ಊರುಗಳ ಮೇಲೆ ಎಳೆದು ನೋಡಿ. ಬೆಳಗಾವಿ ಸುಮಾರು 4.88 ಲಕ್ಷ, ಆರಾಮವಾಗಿ ದಾಟುತ್ತದೆ. ವಿಜಯಪುರ ಸುಮಾರು 3.27 ಲಕ್ಷ, ಹೊಸ್ತಿಲ ಮೇಲೆ ಕಾಲಿಟ್ಟಿದೆ. ಬಾಗಲಕೋಟೆ ಸುಮಾರು 1.12 ಲಕ್ಷ; ಅದು ಲೆಕ್ಕಕ್ಕೇ ಇಲ್ಲ.

ಬಾಗಲಕೋಟೆಯ ಕತೆ ಮಾತ್ರ ವಿಚಿತ್ರ. ಆಲಮಟ್ಟಿ ಹಿನ್ನೀರಿನಿಂದಾಗಿ ಊರು ಮೂರು ತುಂಡಾಯಿತು: ಹಳೆಯ ಪಟ್ಟಣ, ವಿದ್ಯಾಗಿರಿ, ನವನಗರ. ಜಿಲ್ಲಾ ಕಚೇರಿಗಳು ಒಂದು ಕಡೆ, ಹಳೆಯ ಪೇಟೆ ಇನ್ನೊಂದು ಕಡೆ. ಜನ ದಿನಬೆಳಗಾದರೆ ಆ ತುದಿಯಿಂದ ಈ ತುದಿಗೆ ಹೋಗಲೇಬೇಕಾದ ಊರು ಇದು. ತಲೆ ಎಣಿಸುವ ಯೋಜನೆ ದೂರವನ್ನು ಎಣಿಸುವುದಿಲ್ಲ.

ಹಣ ಹೇಗೆ ಬರುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಓಡಿಸುವುದಕ್ಕೂ ಕೇಂದ್ರದ ಹಣ ಬರುವ ಅಪರೂಪದ ಯೋಜನೆ ಇದು. ಬಸ್ಸನ್ನು ಕೊಳ್ಳುವುದೂ ಚಾಲಕನನ್ನು ಇಡುವುದೂ ಗುತ್ತಿಗೆ ಕಂಪನಿಯ ಕೆಲಸ. ಓಡಿದ ಪ್ರತಿ ಕಿಲೋಮೀಟರಿಗೆ ಕಂಪನಿಗೆ ಒಪ್ಪಂದದ ದರ ಕೊಡಬೇಕು. ಅದರಲ್ಲಿ ಕೇಂದ್ರದ ನೆರವು 12 ಮೀಟರ್ ಉದ್ದದ ಬಸ್ಸಿಗೆ ಕಿ.ಮೀ.ಗೆ 24 ರೂಪಾಯಿ, 9 ಮೀಟರಿನದಕ್ಕೆ 22, 7 ಮೀಟರಿನದಕ್ಕೆ 20. ನೆರವಿನ ಅವಧಿ 10 ವರ್ಷ. ಟಿಕೆಟ್ ಹಣ ನಿಗಮಕ್ಕೆ. ಒಪ್ಪಂದದ ದರದಲ್ಲಿ ಕೇಂದ್ರದ ಪಾಲು, ಟಿಕೆಟ್ ಹಣ ಎರಡನ್ನೂ ಕಳೆದು ಉಳಿಯುವ ಕೊರತೆ ರಾಜ್ಯದ್ದು. ಬಸ್ ಓಡಲಿ ಬಿಡಲಿ, ಜನ ಹತ್ತಲಿ ಬಿಡಲಿ, ಒಪ್ಪಿಕೊಂಡಷ್ಟು ಹಣ ಕೊಡಲೇಬೇಕು ಎಂಬ ಭಯದಿಂದಲೇ ರಾಜ್ಯಗಳು ಇಂತಹ ಒಪ್ಪಂದಕ್ಕೆ ಸಹಿ ಹಾಕುವಾಗ ಹತ್ತು ಸಲ ಯೋಚಿಸುತ್ತವೆ. ಹಣ ಬರುವುದೋ ಇಲ್ಲವೋ ಎಂಬ ಕಂಪನಿಗಳ ಅಂಜಿಕೆ ಹೋಗಲಾಡಿಸಲು ಕೇಂದ್ರ 2024ರಲ್ಲಿ 3,435 ಕೋಟಿ ರೂಪಾಯಿಯ ಪಾವತಿ ಖಾತರಿ ವ್ಯವಸ್ಥೆಯನ್ನೂ ತಂದಿತು.

ಹಳ್ಳಿಯವರಿಗೆ ಇದರಲ್ಲಿ ಏನಿದೆ ಎಂದರೆ, ನೇರವಾಗಿ ಏನೂ ಇಲ್ಲ. ಇದು ನಗರ ಸಾರಿಗೆ. ಆದರೆ ನಗರಕ್ಕೆ ಹೊಸ ಬಸ್ ಬಂದಾಗ ಅಲ್ಲಿಂದ ಬಿಡುವಾಗುವ ಡೀಸೆಲ್ ಬಸ್ಸುಗಳನ್ನು ಎಲ್ಲಿಗೆ ಹಾಕುತ್ತೀರಿ ಎಂದು ಕೇಳುವ ಹಕ್ಕು ನಮಗಿದೆ. ಕೇಳಿದವರಿಲ್ಲ ಅಷ್ಟೆ.

ಪಿಎಂ ಇ-ಡ್ರೈವ್ ಎಂದು ಇನ್ನೊಂದಿದೆಯಲ್ಲ?

ಅದರ ಬಸ್ಸುಗಳು 40 ಲಕ್ಷಕ್ಕಿಂತ ಹೆಚ್ಚು ಜನರಿರುವ ಒಂಬತ್ತು ಮಹಾನಗರಗಳಿಗೆ. ಕರ್ನಾಟಕದಲ್ಲಿ ಬೆಂಗಳೂರಿಗೆ ಮಾತ್ರ. ಅರ್ಜಿ ಬರೆದು ಕಾಗದ ಹಾಳು ಮಾಡಬೇಡಿ.

ಮನೆ ತೆರಿಗೆಯ ಚಲನ್‌ನಲ್ಲಿ ‘ನಗರ ಸಾರಿಗೆ ಉಪಕರ’ ಎಂದಿದೆ. ಅದು ಎಲ್ಲಿಗೆ ಹೋಗುತ್ತದೆ?

ಒಳ್ಳೆಯ ಪ್ರಶ್ನೆ, ಕೇಳುವವರೇ ಕಡಿಮೆ. ಪಟ್ಟಣದಲ್ಲಿ ಮನೆ ಇರುವವರು ಈ ವರ್ಷದ ಚಲನ್ ತೆಗೆದು ನೋಡಿ. ತೆರಿಗೆಯ ಕೆಳಗೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಉಪಕರಗಳ ಸಾಲಿನಲ್ಲಿ ಕೊನೆಗೆ ಶೇ 2ರ ಸಾರಿಗೆ ಉಪಕರ ಇರುತ್ತದೆ. 3,000 ರೂಪಾಯಿ ತೆರಿಗೆ ಕಟ್ಟುವ ಮನೆ ಸಾರಿಗೆಗೆಂದು 60 ರೂಪಾಯಿ ಕೊಡುತ್ತದೆ. ಅದು ರಾಜ್ಯ ನಗರ ಸಾರಿಗೆ ನಿಧಿಗೆ ಸೇರಬೇಕಾದ ಹಣ. ನಿಧಿಯನ್ನು ನೋಡಿಕೊಳ್ಳುವುದು ಬೆಂಗಳೂರಿನಲ್ಲಿರುವ ನಗರ ಭೂಸಾರಿಗೆ ನಿರ್ದೇಶನಾಲಯ. ಪಾದಚಾರಿ ಮಾರ್ಗ, ಸೈಕಲ್ ಪಥ, ಬಸ್ ನಿಲ್ದಾಣ, ಸಂಚಾರ ಅಧ್ಯಯನ ಇಂತಹವಕ್ಕೆ ಈ ನಿಧಿಯಿಂದ ನೆರವು ಪಡೆಯಲು ಅವಕಾಶವಿದೆ.

ಆದರೆ ನಿಧಿ ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ನಗರಸಭೆ ಅಥವಾ ಮಹಾನಗರ ಪಾಲಿಕೆ ಪ್ರಸ್ತಾವ ಮಾಡಿ ಕಳಿಸಬೇಕು. ನಿಮ್ಮ ವಾರ್ಡಿನ ಸದಸ್ಯರನ್ನು ‘ಐದು ವರ್ಷದಲ್ಲಿ ನಮ್ಮ ಊರು ಎಷ್ಟು ಉಪಕರ ಕಟ್ಟಿದೆ, ಎಷ್ಟು ಪ್ರಸ್ತಾವ ಕಳಿಸಿದೆ’ ಎಂದು ಕೇಳಿ. ನಾನು ಒಂದು ಪಟ್ಟಣದಲ್ಲಿ ಕೇಳಿದಾಗ ಆ ಪುಣ್ಯಾತ್ಮರು ‘ಅಂತಹ ಉಪಕರ ಇದೆಯೇ?’ ಎಂದು ನನ್ನನ್ನೇ ತಿರುಗಿ ಕೇಳಿದರು. ಚಲನ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಸ್ಮಾರ್ಟ್ ಸಿಟಿ ಹಣದಲ್ಲಿ ಬಸ್ಸಿಗೆ ಏನಾದರೂ ಬಂದಿತೇ?

ಬೆಳಗಾವಿ 2016ರ ಜನವರಿಯ ಮೊದಲ ಪಟ್ಟಿಯಲ್ಲಿಯೇ ಆಯ್ಕೆಯಾದ ನಗರ. ನಗರ ಬಸ್ ನಿಲ್ದಾಣದ ಮರುನಿರ್ಮಾಣ ಈ ಹಣದಲ್ಲಿ ನಡೆಯಿತು. ಇಡೀ ಅಭಿಯಾನಕ್ಕೆ 2025ರ ಮಾರ್ಚ್ 31ರಂದು ತೆರೆಬಿತ್ತು. ಕಟ್ಟಡ ಉಳಿಯಿತು, ಅದರೊಳಗೆ ಎಷ್ಟು ಬಸ್ ಬರಬೇಕೆಂಬುದು ಮತ್ತೆ ನಿಗಮದ ಲೆಕ್ಕ. ಬಾಗಲಕೋಟೆ, ವಿಜಯಪುರಗಳು ನಗರಗಳ ಮೂಲಸೌಕರ್ಯಕ್ಕೆಂದು ಕೇಂದ್ರ ತಂದ ಅಮೃತ್ ಯೋಜನೆಯಲ್ಲಿದ್ದವು; ಅದರ ಮೊದಲ ಹಂತದಲ್ಲಿ ನಗರ ಸಾರಿಗೆಗೆ ಅವಕಾಶವಿತ್ತು. 2021ರಲ್ಲಿ ಆರಂಭವಾದ ಎರಡನೆಯ ಹಂತ ನೀರಿನ ಕೆಲಸಗಳಿಗೆ ಮೀಸಲು.

ನಮ್ಮ ಕ್ರಾಸಿನಲ್ಲಿ ಒಂದು ತಂಗುದಾಣ ಬೇಕು. ಯಾರು ಕಟ್ಟಿಸಿಕೊಡುತ್ತಾರೆ?

ಎಲ್ಲಕ್ಕಿಂತ ಸುಲಭವಾಗಿ ಸಿಗುವ ಹಣ ಇದು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಎರಡರಲ್ಲೂ ತಂಗುದಾಣ ಕಟ್ಟಬಹುದು. ಸಂಸದರ ನಿಧಿಯಲ್ಲಿ ಶೇ 15 ಪರಿಶಿಷ್ಟ ಜಾತಿ, ಶೇ 7.5 ಪರಿಶಿಷ್ಟ ಪಂಗಡದ ಜನವಸತಿಗೆ ಮೀಸಲಿಡಬೇಕು. ನಿಮ್ಮ ಓಣಿ ಅದರಲ್ಲಿ ಬರುವುದಾದರೆ ಅರ್ಜಿಯಲ್ಲಿ ಮರೆಯದೆ ಬರೆಯಿರಿ. ಹಣಕಾಸು ಆಯೋಗ ಗ್ರಾಮ ಪಂಚಾಯಿತಿಗೆ ಕೊಡುವ ಅನುದಾನದಲ್ಲಿ ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕದ ಭಾಗವನ್ನೂ ಇದಕ್ಕೆ ಬಳಸಲು ಬರುತ್ತದೆ.

ಹಣಕ್ಕಿಂತ ಜಾಗದ ವಿಷಯದಲ್ಲಿ ಎಚ್ಚರವಿರಲಿ. ನಮ್ಮೂರಿನ ತಂಗುದಾಣವನ್ನು ಗುತ್ತಿಗೆದಾರರು ತಮಗೆ ಅನುಕೂಲವಾದ ಕಡೆ, ಅಂದರೆ ಜಲ್ಲಿ ಇಳಿಸಲು ಲಾರಿ ತಿರುಗುವ ಕಡೆ ಕಟ್ಟಿದರು. ಬಸ್ ನಿಲ್ಲುವುದು ಅದರಿಂದ ಇನ್ನೂರು ಹೆಜ್ಜೆ ಮುಂದೆ, ರಸ್ತೆ ಉಬ್ಬಿನ ಬಳಿ. ಹೇಗೂ ಅಲ್ಲಿ ವೇಗ ತಗ್ಗಿಸಲೇಬೇಕಾದ್ದರಿಂದ ಚಾಲಕರು ಅಲ್ಲಿಯೇ ನಿಲ್ಲಿಸುತ್ತಾರೆ. ಹಾಗಾಗಿ ಜನ ಇಂದಿಗೂ ಉಬ್ಬಿನ ಪಕ್ಕದ ಬೇವಿನ ಮರದ ಕೆಳಗೆ ನಿಲ್ಲುತ್ತಾರೆ. ತಂಗುದಾಣದಲ್ಲಿ ಸುಗ್ಗಿಯ ಕಾಲಕ್ಕೆ ಗೋವಿನಜೋಳದ ಚೀಲ ಇರುತ್ತವೆ, ಉಳಿದ ಕಾಲಕ್ಕೆ ಇಸ್ಪೀಟು. ಗೋಡೆಯ ಮೇಲೆ ಅನುದಾನ ಕೊಟ್ಟವರ ಹೆಸರು ಮೊಳದುದ್ದದ ಅಕ್ಷರದಲ್ಲಿದೆ. ಊರಿನ ಹೆಸರು ಬರೆಯಲು ಜಾಗ ಸಾಲಲಿಲ್ಲ. ಆ ಕೆಲಸಕ್ಕೆ ಪಂಚಾಯಿತಿಯಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ ಎಂಬುದನ್ನು ಮುಚ್ಚಿಡುವುದಿಲ್ಲ. ಠರಾವು ಮಾಡುವಾಗಲೇ ಜಾಗವನ್ನು ಗುರುತು ಹಾಕಿ, ಡಿಪೋದ ಒಬ್ಬ ಚಾಲಕನನ್ನು ಕರೆದು ‘ನೀವು ಎಲ್ಲಿ ನಿಲ್ಲಿಸುತ್ತೀರಿ’ ಎಂದು ಕೇಳಿ. ಅಷ್ಟೇ ಮಾಡಿದ್ದರೆ ಸಾಕಿತ್ತು.

ರಸ್ತೆ ಸರಿಯಿಲ್ಲವೆಂದು ಬಸ್ ನಿಲ್ಲಿಸಿದ್ದಾರೆ. ಈಗ ಯಾರನ್ನು ಹಿಡಿಯಬೇಕು?

ಮೊದಲು ರಸ್ತೆ ಯಾರದೆಂದು ತಿಳಿಯಿರಿ: ಲೋಕೋಪಯೋಗಿ ಇಲಾಖೆಯದೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದೋ, ಕಾಲುವೆ ದಂಡೆಯಾದರೆ ನೀರಾವರಿಯವರದ್ದೋ. ಗ್ರಾಮೀಣ ರಸ್ತೆಗೆ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಇದೆ, ವೆಚ್ಚದಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿಯಿಂದ ರಾಜ್ಯ ಸಾಲ ತಂದು ರಸ್ತೆ, ಸೇತುವೆ ಮಾಡಿಸುತ್ತದೆ. ಬಸ್ ನಿಲ್ಲಿಸಿದ ಕಾರಣವನ್ನು ಡಿಪೋದಿಂದ ಲಿಖಿತವಾಗಿ ಪಡೆದು ರಸ್ತೆಯವರ ಅರ್ಜಿಗೆ ಲಗತ್ತಿಸಿ. ‘ಸಿ.ಡಿ. (ರಸ್ತೆಯಡಿಯ ಮೋರಿ) ಕುಸಿದಿದೆ, ಆದ್ದರಿಂದ ಬಸ್ ಇಲ್ಲ’ ಎಂಬ ಒಂದು ಸಾಲಿನ ಹಿಂಬರಹಕ್ಕೆ ನೂರು ಸಹಿಗಿಂತ ಹೆಚ್ಚು ತೂಕವಿದೆ.

ನಾವೇ ವಂತಿಗೆ ಕೂಡಿಸಿ ಒಂದು ಬಸ್ ಕೊಡಿಸಿದರೆ?

ನಮ್ಮ ಭಾಗದಲ್ಲಿ ಈ ಮಾತು ಬರುವುದು ಸಹಜ. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದವರು ರೈತರೇ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಹಣವನ್ನೂ ಶ್ರಮವನ್ನೂ ಕೂಡಿಸಿದರು. ಆ ಜಲಾಶಯಕ್ಕೆ ಶ್ರಮಬಿಂದು ಸಾಗರ ಎಂದೇ ಹೆಸರು. ಹೊಳೆಯನ್ನೇ ಕಟ್ಟಿದವರಿಗೆ ಬಸ್ ಯಾವ ಲೆಕ್ಕ ಎಂದು ಹಿರಿಯರು ಎದೆ ತಟ್ಟಿ ಕೇಳುತ್ತಾರೆ.

ಆದರೆ ಬ್ಯಾರೇಜ್ ಒಮ್ಮೆ ಕಟ್ಟಿದರೆ ಮಳೆ ತಾನೇ ಬಂದು ತುಂಬುತ್ತದೆ. ಬಸ್ಸು ಪ್ರತಿದಿನ ಕೈ ಚಾಚುತ್ತದೆ. ಅಲ್ಲದೆ ರಾಷ್ಟ್ರೀಕರಣಗೊಂಡ, ಅಂದರೆ ಸರ್ಕಾರಿ ಬಸ್ಸಿಗೆ ಮೀಸಲಾದ ಮಾರ್ಗದಲ್ಲಿ ಖಾಸಗಿ ಬಸ್ಸಿಗೆ ಪರವಾನಗಿ ಸಿಗುವುದು ಕಷ್ಟ. ಪರವಾನಗಿ ಇಲ್ಲದೆ ಓಡುವ ಟಂಟಂ, ಕ್ರೂಸರ್‌ಗಳೇ ನಮ್ಮ ನಿಜವಾದ ಸಂಜೆಯ ಸಾರಿಗೆ ಎಂಬುದು ಎಲ್ಲರಿಗೂ ಗೊತ್ತು. ಅಪಘಾತವಾದ ದಿನ ವಿಮೆಯ ಪ್ರಶ್ನೆ ಬಂದಾಗ ಮಾತ್ರ ಎಲ್ಲರೂ ಬೆಚ್ಚಿಬೀಳುತ್ತಾರೆ. ವಂತಿಗೆ ಕೊಡುವ ಹುರುಪಿದ್ದರೆ ಇನ್ನೊಂದು ದಾರಿ ಇದೆ. ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಹೊರಡುವ ವಸ್ತಿ ಬಸ್ ಕೇಳುವಾಗ ಚಾಲಕ, ನಿರ್ವಾಹಕರು ರಾತ್ರಿ ಮಲಗಲು ಒಂದು ಗಟ್ಟಿಯಾದ ಕೋಣೆ, ಫ್ಯಾನು, ನೀರು, ಶೌಚಾಲಯ ಇವನ್ನು ಊರಿನವರು ಮಾಡಿಕೊಡಿ. ಗುಡಿಯ ಪಡಸಾಲೆಯಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಮಲಗಿದವನು ಬೆಳಿಗ್ಗೆ ಐದೂವರೆಗೆ ನಿಮ್ಮನ್ನು ಕಾಯುತ್ತಾ ನಿಲ್ಲಲಿ ಎಂದರೆ ಹೇಗೆ?

ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆಗಳಿಂದ ಹಣ ಕೇಳಬಹುದೇ?

ಕೇಳಬಹುದು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಅಡಿ, ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಸಹಕಾರಿ ಸಕ್ಕರೆ ಕಾರ್ಖಾನೆಗಳು ಕಂಪನಿಗಳಲ್ಲವಾದ್ದರಿಂದ ಅವುಗಳ ಮುಂದೆ ಈ ಕಲಂ ಹಿಡಿದು ವಾದ ಮಾಡಬೇಡಿ, ಸೌಜನ್ಯದಿಂದ ಕೇಳಿ. ಲೋಕಾಪುರ, ಮುಧೋಳ ಕಡೆಯ ಸುಣ್ಣದ ಕಲ್ಲಿನ ಗಣಿಗಳ ಸುತ್ತಲಿನ ಊರಿನವರು ಜಿಲ್ಲಾ ಖನಿಜ ನಿಧಿಯನ್ನೂ ನೋಡಬೇಕು. ಅದರಲ್ಲಿ ರಸ್ತೆ, ಸೇತುವೆಗೆ ಅವಕಾಶವಿದೆ, ಆದ್ಯತೆ ಮಾತ್ರ ನೀರು, ಆರೋಗ್ಯ, ಶಿಕ್ಷಣದ ನಂತರ.

ರೈಲಿನ ಹಣ ಯಾರದು?

ಕೇಂದ್ರದ್ದು ಎಂದೇ ಬಹಳ ಜನ ತಿಳಿದಿದ್ದಾರೆ. ನಮ್ಮ ಭಾಗದ ಹೊಸ ಮಾರ್ಗಗಳಲ್ಲಿ ಅರ್ಧ ವೆಚ್ಚವೂ ಭೂಮಿಯೂ ರಾಜ್ಯದ್ದು. ಬಾಗಲಕೋಟೆ–ಕುಡಚಿ ಮಾರ್ಗ 142 ಕಿ.ಮೀ.; 2010-11ರಲ್ಲಿ ಮಂಜೂರಾಯಿತು, ಮೊದಲು ಖಜ್ಜಿಡೋಣಿ ಮುಟ್ಟಿತು, ಆಮೇಲೆ ಲೋಕಾಪುರ. ಮಂಜೂರಾದ ವರ್ಷ ಹುಟ್ಟಿದ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸುವ ವಯಸ್ಸಿಗೆ ಬಂದರು. ಕಿತ್ತೂರಿನ ಮೇಲೆ ಹಾಯುವ 73 ಕಿ.ಮೀ. ಉದ್ದದ ಧಾರವಾಡ–ಬೆಳಗಾವಿ ನೇರ ಮಾರ್ಗದ್ದೂ ಇದೇ ಒಪ್ಪಂದ. ಇಂತಹ ಕಡೆ ಕೆಲಸ ನಿಂತರೆ ಹಣ ನಿಂತಿತೋ, ಭೂಸ್ವಾಧೀನ ನಿಂತಿತೋ ಎಂಬುದನ್ನು ಮೊದಲು ಪತ್ತೆ ಮಾಡಿ. ಬಹಳ ಸಲ ಎರಡನೆಯದೇ.

ವಿಮಾನಕ್ಕೆ ಸಹಾಯಧನವಿದೆಯಂತೆ, ಹಳ್ಳಿ ಬಸ್ಸಿಗೆ ಯಾಕಿಲ್ಲ?

ಉಡಾನ್ ಯೋಜನೆಯಲ್ಲಿ ವಿಮಾನ ಕಂಪನಿಯ ಕೊರತೆಯನ್ನು ಮೂರು ವರ್ಷದವರೆಗೆ ತುಂಬಿಕೊಡುತ್ತಾರೆ, ಅದರಲ್ಲಿ ಶೇ 20 ರಾಜ್ಯದ ಪಾಲು. ಬೆಳಗಾವಿಗೂ ಈ ಯೋಜನೆಯ ವಿಮಾನಗಳು ಬಂದಿದ್ದವು. ಕಡಿಮೆ ಜನರ ಮಾರ್ಗದಲ್ಲಿ ಕೊರತೆ ತುಂಬಿಕೊಡುವುದು ನ್ಯಾಯವೇ. ಅದೇ ನ್ಯಾಯ ಇಂಡಿ ತಾಲ್ಲೂಕಿನ ಸಂಜೆ ಆರರ ಬಸ್ಸಿಗೆ ಯಾಕೆ ಸಲ್ಲದು ಎಂದು ನಾನೂ ಕೇಳುತ್ತಿರುತ್ತೇನೆ. ‘ಈ ಮಾರ್ಗಕ್ಕೆ ಇಷ್ಟು ಕೊರತೆ, ಇದನ್ನು ಇವರು ತುಂಬುತ್ತಾರೆ’ ಎಂದು ಹೆಸರಿಟ್ಟ ಹಣ ನಮ್ಮ ಹಳ್ಳಿ ಬಸ್ಸಿಗೆ ಇಲ್ಲ.

ಇದ್ದ ಬಸ್ಸನ್ನೂ ಹಿಂದಕ್ಕೆ ಪಡೆದರು. ಹಳೆಯದಾಯಿತಂತೆ, ನಿಜವೇ?

ನಿಜವಿರಬಹುದು. 15 ವರ್ಷ ದಾಟಿದ ಸರ್ಕಾರಿ ಮತ್ತು ಸಾರಿಗೆ ನಿಗಮದ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವುದಿಲ್ಲ. ಬದಲಿ ಬಸ್ ಯಾವಾಗ ಎಂದು ಕೇಳಿ, ದಿನಾಂಕ ಬರೆಸಿಕೊಳ್ಳಿ.

ಅರ್ಜಿಯಲ್ಲಿ ಏನು ಬರೆಯಬೇಕು?

‘ನಮ್ಮ ಗ್ರಾಮಸ್ಥರಿಗೆ ತೀವ್ರ ತೊಂದರೆಯಾಗಿದ್ದು’ ಎಂದು ಆರಂಭವಾಗುವ ಅರ್ಜಿಗಳನ್ನು ನಾನೇ ನೂರಾರು ಬರೆದಿದ್ದೇನೆ. ಯಾವುದಕ್ಕೂ ಬಸ್ ಬರಲಿಲ್ಲ. ಬಂದದ್ದು ಒಂದು ಅರ್ಜಿಗೆ. ಅದನ್ನು ಬರೆದದ್ದು ನಾನಲ್ಲ, ಪಕ್ಕದ ಊರಿನ ಪಿಯುಸಿ ಹುಡುಗಿಯರು. ಅವರು ಹದಿನಾಲ್ಕು ದಿನ ಕ್ರಾಸಿನಲ್ಲಿ ನಿಂತು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದಿದ್ದರು: ಯಾವ ಹೊತ್ತಿಗೆ ಬಸ್ ಬಂತು, ಎಷ್ಟು ಜನ ಹತ್ತಿದರು, ಎಷ್ಟು ಜನ ಉಳಿದರು, ಉಳಿದವರಲ್ಲಿ ಪಾಸಿನವರೆಷ್ಟು, ಹಣ ಕೊಟ್ಟು ಟಿಕೆಟ್ ಪಡೆಯುವವರೆಷ್ಟು, ಟಂಟಂ ಹತ್ತಿದವರೆಷ್ಟು. ಕೊನೆಯ ಪುಟದಲ್ಲಿ ಒಂದೇ ಕೋರಿಕೆ. ಹೊಸ ಬಸ್ ಬೇಡ, ಏಳೂವರೆಗೆ ಮುಂದಿನ ಊರಿನಿಂದ ಮರಳುವ ಬಸ್ಸನ್ನು ಎರಡು ಕಿಲೋಮೀಟರ್ ಒಳಗೆ ಬರುವಂತೆ ಮಾಡಿ. ಡಿಪೋದವರಿಗೆ ಇಲ್ಲವೆನ್ನಲು ಕಾರಣವೇ ಸಿಗಲಿಲ್ಲ. ಹೆಚ್ಚುವರಿ ಚಾಲಕ ಬೇಡ, ಹೆಚ್ಚುವರಿ ಬಸ್ ಬೇಡ, ನಾಲ್ಕು ಕಿಲೋಮೀಟರ್ ಡೀಸೆಲ್ ಸಾಕು.

ಹೀಗೆ ಕೇಳಬೇಕು. ಅರ್ಜಿಗೆ ಗ್ರಾಮ ಪಂಚಾಯಿತಿಯ ಠರಾವು, ಶಾಲೆ ಕಾಲೇಜಿನ ಮುಖ್ಯಸ್ಥರ ಪತ್ರ ಲಗತ್ತಿಸಿ. ಒಂದು ಪ್ರತಿಯನ್ನು ತಾಲ್ಲೂಕಿನ ಕೆಡಿಪಿ ಸಭೆಗೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಗೆ ಮೊದಲೇ ಕೊಡಿ. ಆ ಸಭೆಯಲ್ಲಿ ಡಿಪೋದವರೂ ಇರುತ್ತಾರೆ, ಶಾಸಕರೂ ಇರುತ್ತಾರೆ, ಉತ್ತರ ನಡಾವಳಿಯಲ್ಲಿ ದಾಖಲಾಗುತ್ತದೆ. ಸ್ವೀಕೃತಿಯ ಮೊಹರು ಬೀಳದ ಅರ್ಜಿ ಕೊಟ್ಟಂತೆಯೇ ಅಲ್ಲ.

ಉತ್ತರವೇ ಬರದಿದ್ದರೆ?

ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. ‘ಬಸ್ ಯಾಕೆ ಬಿಡುತ್ತಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ಹಿಂದಿರುಗಿಸುತ್ತಾರೆ. ಹೀಗೆ ಕೇಳಿ: ‘ಈ ಮಾರ್ಗದ ಕಳೆದ ಹನ್ನೆರಡು ತಿಂಗಳ ತಿಂಗಳುವಾರು ಪ್ರಯಾಣಿಕರ ಸಂಖ್ಯೆ, ಅದರಲ್ಲಿ ಶೂನ್ಯ ಟಿಕೆಟ್‌ಗಳ ಸಂಖ್ಯೆ, ರದ್ದಾದ ಟ್ರಿಪ್ಪುಗಳ ದಿನಾಂಕ, ಪ್ರತಿ ಕಿಲೋಮೀಟರಿನ ಗಳಿಕೆ, ಇವುಗಳ ದೃಢೀಕೃತ ಪ್ರತಿ ಒದಗಿಸಿ.’ 30 ದಿನ ಕಳೆದರೂ ಸುದ್ದಿಯಿಲ್ಲದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದಕ್ಕೆ ಶುಲ್ಕವಿಲ್ಲ. ರದ್ದಾದ ಟ್ರಿಪ್ಪುಗಳ ಪಟ್ಟಿ ಕೈಗೆ ಬಂದ ದಿನ ನನಗೊಂದು ಪ್ರತಿ ಕೊಡಿ, ಚಹಾದಂಗಡಿಯ ಕಟ್ಟೆಯ ಮೇಲೆ ಎಂಟರವರೆಗೆ ಇರುತ್ತೇನೆ.